ಇಲಿಯ ಲಿವರ್ ಜೀನ್‌ಗಳ ಮೇಲೆ ಹೊರಗಿನ ರಾಸಾಯನಿಕದ ಪರಿಣಾಮ ಅಳೆಯುವುದು ಹೇಗೆ: ಕರಾವಳಿಯ ಲ್ಯಾಬ್‌ಗಳಿಗೊಂದು ಕೈಪಿಡಿ

ದೇರಳಕಟ್ಟೆ, ಕೊಣಾಜೆ, ಮಣಿಪಾಲದ ಕಡೆಯ ಲ್ಯಾಬ್‌ಗಳಲ್ಲಿ ಇಲಿಗೆ ಒಂದು ಔಷಧವನ್ನೋ ಕೀಟನಾಶಕವನ್ನೋ ಗಿಡದ ಸಾರವನ್ನೋ ಕೊಟ್ಟು, ಲಿವರ್‌ನ ಆರ್‌ಎನ್‌ಎ ತೆಗೆದು, ಯಾವ ಜೀನ್ ಏರಿತು ಯಾವುದು ಇಳಿಯಿತು ಎಂದು ನೋಡುವುದು ಎಂ.ಫಾರ್ಮ್, ಪಿಎಚ್‌ಡಿ ವಿದ್ಯಾರ್ಥಿಗಳ ಮಾಮೂಲಿ ಕೆಲಸ. ಜೀನ್‌ನ ಆರ್‌ಎನ್‌ಎ ಎಷ್ಟಿದೆ ಎಂದು ಅಳೆಯುವ ಪಿಸಿಆರ್ ಯಂತ್ರ ಏನಾದರೊಂದು ಸಂಖ್ಯೆ ಕೊಟ್ಟೇ ಕೊಡುತ್ತದೆ. ಆ ಸಂಖ್ಯೆ ನೀವು ಕೊಟ್ಟ ರಾಸಾಯನಿಕದಿಂದ ಬಂತೋ, ಪಂಜರದ ಹಾಸಿನಿಂದಲೋ, ಸೊಳ್ಳೆ ಬತ್ತಿಯಿಂದಲೋ, ಹಿಂದಿನ ರಾತ್ರಿಯ ಉಪವಾಸದಿಂದಲೋ ಎಂಬುದೇ ಪ್ರಶ್ನೆ. ಹೊರಗಿನಿಂದ ಬಂದ ವಸ್ತುವನ್ನು ಗುರುತಿಸಿ ಅದನ್ನು ಒಡೆಯುವ ಕಿಣ್ವ ತಯಾರಿಸುವುದು ಲಿವರ್‌ನ ಕೆಲಸ. ನೀವು ಲೆಕ್ಕ ಹಾಕಿ ಕೊಟ್ಟದ್ದಕ್ಕೂ, ನಿಮಗೆ ಗೊತ್ತಿಲ್ಲದೆ ಒಳಹೊಕ್ಕದ್ದಕ್ಕೂ ಅದು ಒಂದೇ ರೀತಿ ಸ್ಪಂದಿಸುತ್ತದೆ. ಹಾಗಾಗಿ ಈ ಬರಹದ ದೊಡ್ಡ ಪಾಲು ಆರ್‌ಎನ್‌ಎ ಟ್ಯೂಬಿಗೆ ಬರುವುದಕ್ಕಿಂತ ಮೊದಲಿನ ಕೆಲಸದ ಬಗ್ಗೆಯೇ ಇದೆ.

ಯಾವ ಗ್ರಾಹಕಕ್ಕೆ ಯಾವ ಜೀನ್

ಪ್ರೈಮರ್ (ಪಿಸಿಆರ್‌ನಲ್ಲಿ ಬೇಕಾದ ಜೀನನ್ನು ಹಿಡಿಯುವ ಚಿಕ್ಕ ಡಿಎನ್‌ಎ ತುಂಡು) ತರಿಸುವ ಮುನ್ನ ನಿಮ್ಮ ರಾಸಾಯನಿಕ ಯಾವ ದಾರಿಯಲ್ಲಿ ಹೋಗಬಹುದು ಎಂದು ಒಂದು ಅಂದಾಜು ಬೇಕು. ಲಿವರ್ ಕೋಶದಲ್ಲಿ ಹೊರಗಿನ ವಸ್ತುಗಳನ್ನು ಗುರುತಿಸುವ ಮುಖ್ಯ ಪ್ರೋಟೀನುಗಳು ಐದು. ಸುಟ್ಟ ಹೊಗೆಯಲ್ಲಿರುವ ಬೆಂಜೊಪೈರೀನ್, ಡಯಾಕ್ಸಿನ್‌ನಂಥವು ಎಎಚ್‌ಆರ್ ಎಂಬ ಗ್ರಾಹಕಕ್ಕೆ (ರಾಸಾಯನಿಕ ಅಂಟಿದಾಗ ಜೀನ್ ಎಬ್ಬಿಸುವ ಪ್ರೋಟೀನು) ಅಂಟುತ್ತವೆ. ಅದಕ್ಕೆ ನೋಡಬೇಕಾದ ಜೀನ್ ಸಿವೈಪಿ1ಎ1, ಜೊತೆಗೆ ಸಿವೈಪಿ1ಎ2 (ಸಿವೈಪಿ ಎಂದರೆ ಹೊರಗಿನ ವಸ್ತು ಒಡೆಯುವ ಕಿಣ್ವಗಳ ಕುಟುಂಬ). ಫೀನೊಬಾರ್ಬಿಟಲ್ ಜಾತಿಯವು ಕಾರ್ ಎಂಬ ಗ್ರಾಹಕವನ್ನು ಎಬ್ಬಿಸುತ್ತವೆ; ಅದರ ಗುರುತು ಇಲಿಯಲ್ಲಿ (ರ‍್ಯಾಟ್) ಸಿವೈಪಿ2ಬಿ1 ಮತ್ತು 2ಬಿ2, ಚಿಕ್ಕಿಲಿಯಲ್ಲಿ (ಮೌಸ್) ಸಿವೈಪಿ2ಬಿ10. ಪಿಎಕ್ಸ್‌ಆರ್ ಎಂಬ ಇನ್ನೊಂದು ಗ್ರಾಹಕಕ್ಕೆ ಇಲಿಯಲ್ಲಿ ಸಿವೈಪಿ3ಎ23, ಚಿಕ್ಕಿಲಿಯಲ್ಲಿ ಸಿವೈಪಿ3ಎ11. ಇಲಿಯ 3ಎ23 ಹಳೆಯ ಪ್ರಬಂಧಗಳಲ್ಲಿ 3ಎ1 ಎಂದು ಕಾಣಿಸುತ್ತದೆ. ಎರಡೂ ಒಂದೇ ಜೀನ್, ಎರಡು ಪ್ರೈಮರ್ ಜೋಡಿಗೆ ದುಡ್ಡು ಕೊಡಬೇಡಿ. ಫೈಬ್ರೇಟ್‌ಗಳು ಮತ್ತು ಪ್ಲಾಸ್ಟಿಕ್ ಮೆದುವಾಗಿಸುವ ಕೆಲವು ಥ್ಯಾಲೇಟ್‌ಗಳು ಪಿಪಾರ್-ಆಲ್ಫಾವನ್ನು ಎಬ್ಬಿಸುತ್ತವೆ; ಅಲ್ಲಿ ಇಲಿಗೆ ಸಿವೈಪಿ4ಎ1, ಚಿಕ್ಕಿಲಿಗೆ 4ಎ10 ಮತ್ತು 4ಎ14, ಎರಡಕ್ಕೂ ಎಕಾಕ್ಸ್1. ಕೋಶಕ್ಕೆ ಆಕ್ಸಿಡೀಕರಣದ ಒತ್ತಡ ತರುವ ವಸ್ತುಗಳಿಗೆ ಎನ್‌ಆರ್‌ಎಫ್2 ದಾರಿ. ಅದರ ಸಾಕ್ಷಿ ಎನ್‌ಕ್ಯುಒ1, ಜಿಸಿಎಲ್‌ಸಿ, ಎಚ್‌ಮಾಕ್ಸ್1.

ಈ ದಾರಿಗಳು ಪೂರ್ತಿ ಬೇರೆಬೇರೆ ಅಲ್ಲ. ಕಾರ್ ಮತ್ತು ಪಿಎಕ್ಸ್‌ಆರ್ ಒಂದರ ಜೀನನ್ನು ಇನ್ನೊಂದು ಏರಿಸುತ್ತವೆ. ಎನ್‌ಕ್ಯುಒ1 ಎನ್‌ಆರ್‌ಎಫ್2ಗೂ ಎಎಚ್‌ಆರ್‌ಗೂ ಏರುತ್ತದೆ. ಒಂದೇ ಜೀನ್ ನೋಡಿ ಇಂಥ ಗ್ರಾಹಕ ಎನ್ನುವುದು ಸರಿಯಲ್ಲ. ಕನಿಷ್ಠ ಐದಾರು ಜೀನ್ ಒಟ್ಟಿಗೆ ನೋಡಿ, ಯಾವುದು ಎಷ್ಟು ಎಂಬ ಮಾದರಿಯಿಂದ ಹೇಳಬೇಕು.

ತಾಳೆ ನೋಡಲು ಗೊತ್ತಿರುವ ಪ್ರೇರಕವೊಂದನ್ನು (ಆ ಜೀನ್ ಏರಿಸುತ್ತದೆಂದು ಖಚಿತವಿರುವ ವಸ್ತು) ಕೊಟ್ಟ ಗುಂಪು ಇರಲೇಬೇಕು. ಇಲ್ಲಿ ಪದೇ ಪದೇ ಆಗುವ ತಪ್ಪೊಂದಿದೆ: ಪಿಎಕ್ಸ್‌ಆರ್‌ಗೆಂದು ರಿಫಾಂಪಿಸಿನ್ ಕೊಡುವುದು. ರಿಫಾಂಪಿಸಿನ್ ಮನುಷ್ಯರ ಪಿಎಕ್ಸ್‌ಆರ್ ಅನ್ನು ಚೆನ್ನಾಗಿ ಎಬ್ಬಿಸುತ್ತದೆ, ಇಲಿಯದ್ದನ್ನು ಬಹುತೇಕ ಎಬ್ಬಿಸುವುದಿಲ್ಲ. ಇಲಿಗೆ ಬೇಕಾದದ್ದು ಪ್ರೆಗ್ನೆನೊಲೋನ್-16-ಆಲ್ಫಾ-ಕಾರ್ಬೊನೈಟ್ರೈಲ್, ಅಂದರೆ ಪಿಸಿಎನ್. ಅದು ಮನುಷ್ಯರದ್ದನ್ನು ಎಬ್ಬಿಸುವುದಿಲ್ಲ. ಪಿಸಿಎನ್ ದುಬಾರಿ ಎಂದು ಕೆಲವರು ಡೆಕ್ಸಾಮೆಥಸೋನ್ ಕೊಡುತ್ತಾರೆ. 50ರಿಂದ 100 ಮಿ.ಗ್ರಾಂ/ಕೆ.ಜಿ. ಕೊಟ್ಟರೆ 3ಎ23 ಏರುವುದು ನಿಜ. ಆದರೆ ಅದು ಗ್ಲುಕೊಕಾರ್ಟಿಕಾಯ್ಡ್ ಗ್ರಾಹಕದ ಮೂಲಕ ನೂರಾರು ಬೇರೆ ಜೀನ್‌ಗಳನ್ನೂ ಅಲುಗಾಡಿಸುತ್ತದೆ, ಇಲಿ ತೂಕ ಕಳೆದುಕೊಳ್ಳುತ್ತದೆ. ಒಂದೇ ಜೀನ್‌ನ ಪಿಸಿಆರ್ ಪರೀಕ್ಷೆಗೆ ಸಾಕು, ಇಡೀ ಆರ್‌ಎನ್‌ಎ ಸೀಕ್ವೆನ್ಸಿಂಗ್‌ಗೆ ಬೇಡ. ಇದೇ ರೀತಿ ಟಿಸಿಪಿಒಬಿಒಪಿ ಚಿಕ್ಕಿಲಿಯ ಕಾರ್ ಅನ್ನು 3 ಮಿ.ಗ್ರಾಂ/ಕೆ.ಜಿ.ಯಲ್ಲೇ ಜೋರಾಗಿ ಎಬ್ಬಿಸುತ್ತದೆ, ಇಲಿಯಲ್ಲಿ ಅದನ್ನು ನಂಬಬೇಡಿ.

ಇಲಿಗೆ ಚಾಲ್ತಿಯಲ್ಲಿರುವ ಪ್ರಮಾಣಗಳು ಹೀಗಿವೆ. ಸೋಡಿಯಂ ಫೀನೊಬಾರ್ಬಿಟಲ್ 80 ಮಿ.ಗ್ರಾಂ/ಕೆ.ಜಿ., ಸಲೈನಿನಲ್ಲಿ, ಹೊಟ್ಟೆಯ ಪೊರೆಯೊಳಗೆ, 3ರಿಂದ 4 ದಿನ. ಬೀಟಾ-ನ್ಯಾಫ್ತೊಫ್ಲೇವೋನ್ 80 ಮಿ.ಗ್ರಾಂ/ಕೆ.ಜಿ., ಜೋಳದೆಣ್ಣೆಯಲ್ಲಿ, 3 ದಿನ. ಪಿಸಿಎನ್ 50 ಮಿ.ಗ್ರಾಂ/ಕೆ.ಜಿ., ಜೋಳದೆಣ್ಣೆಯಲ್ಲಿ, 4 ದಿನ. ಫೀನೊಬಾರ್ಬಿಟಲ್ ಮಾದಕ ವಸ್ತುಗಳ ಎನ್‌ಡಿಪಿಎಸ್ ಕಾಯ್ದೆಯಡಿ ಬರುವ ವಸ್ತು, ತರಿಸಲು ಕಾಗದಪತ್ರ ಬೇಕು. ಪ್ರಯೋಗ ಶುರು ಮಾಡುವ ವಾರ ನೆನಪಾದರೆ ಕೆಲಸ ಕೆಟ್ಟಿತು. ಪ್ರಾಣಿ ಬಳಕೆಗೆ ಸಿಸಿಎಸ್‌ಇಎ (ಪ್ರಾಣಿ ಪ್ರಯೋಗಗಳ ಮೇಲುಸ್ತುವಾರಿಯ ಕೇಂದ್ರ ಸಮಿತಿ) ನೋಂದಣಿಯಿರುವ ಅನಿಮಲ್ ಹೌಸ್ ಮತ್ತು ಸಂಸ್ಥೆಯ ಪ್ರಾಣಿ ನೈತಿಕ ಸಮಿತಿಯ ಒಪ್ಪಿಗೆ ಬೇಕೇ ಬೇಕು. ಒಪ್ಪಿಗೆಯ ಅರ್ಜಿಯಾದ ಫಾರ್ಮ್ ಬಿ ತುಂಬುವಾಗ ಪ್ರೇರಕದ ಗುಂಪನ್ನೂ ಪ್ರಾಣಿಗಳ ಲೆಕ್ಕದಲ್ಲಿ ಸೇರಿಸಿ. ಆಮೇಲೆ ಸೇರಿಸಲು ಮತ್ತೊಂದು ಸಭೆಯ ತನಕ ಕಾಯಬೇಕಾಗುತ್ತದೆ.

ಅನಿಮಲ್ ಹೌಸ್‌ನಲ್ಲಿ ಕಣ್ಣಿಗೆ ಬೀಳದ ಡೋಸ್‌ಗಳು

ಮರದ ಮಿಲ್ಲಿನ ಹುಡಿ ಅಗ್ಗ, ಅದನ್ನೇ ಹಾಸುವ ಆಸೆಯಾಗುತ್ತದೆ. ಬೇಡ. ಸೀಡರ್, ಪೈನ್‌ನಂಥ ಮೆದುಮರದ ಹುಡಿಯ ಮೇಲೆ ಮಲಗಿದ ಇಲಿಗಳ ಲಿವರ್‌ನಲ್ಲಿ ಔಷಧ ಒಡೆಯುವ ಕಿಣ್ವಗಳು ಏರುತ್ತವೆ ಎಂಬುದು 1967ರಲ್ಲೇ ಪ್ರಕಟವಾದ ವಿಷಯ. ಮಿಲ್ಲಿನ ಹುಡಿಯಲ್ಲಿ ಯಾವ ಯಾವ ಮರ ಇದೆ, ಯಾವುದಕ್ಕೆ ಗೆದ್ದಲಿನ ಮದ್ದು ಹಚ್ಚಿತ್ತು ಎಂದು ಮಿಲ್ಲಿನವರಿಗೂ ಗೊತ್ತಿರುವುದಿಲ್ಲ. ಆಟೋಕ್ಲೇವ್ ಮಾಡಿ ಒಣಗಿಸಿದ ಉಮಿ ನಮ್ಮ ಕಡೆ ಸುಲಭವಾಗಿ ಸಿಗುತ್ತದೆ. ಇಡೀ ಪ್ರಯೋಗಕ್ಕೆ ಬೇಕಾದಷ್ಟನ್ನು ಒಂದೇ ಕಡೆಯಿಂದ ಒಮ್ಮೆಗೇ ತಂದಿಡಿ.

ಸೊಳ್ಳೆಯದ್ದು ಇನ್ನೂ ದೊಡ್ಡ ತಲೆನೋವು. ಮಂಗಳೂರಿನಲ್ಲಿ ಸಂಜೆ ಸೊಳ್ಳೆ ಬತ್ತಿಯಿಲ್ಲದೆ ಕೂರುವುದು ಕಷ್ಟ, ಅನಿಮಲ್ ಹೌಸ್ ನೋಡಿಕೊಳ್ಳುವವರೂ ಮನುಷ್ಯರೇ. ಆದರೆ ಬತ್ತಿಯಲ್ಲಿ ಮತ್ತು ಪ್ಲಗ್ಗಿಗೆ ಹಾಕುವ ದ್ರವದಲ್ಲಿ ಇರುವುದು ಪೈರೆಥ್ರಾಯ್ಡ್; ಈ ಗುಂಪಿನ ಹಲವು ವಸ್ತುಗಳು ಇಲಿಯಲ್ಲಿ ಕಾರ್ ಮತ್ತು ಪಿಎಕ್ಸ್‌ಆರ್ ಎಬ್ಬಿಸುತ್ತವೆ. ಬತ್ತಿಯ ಹೊಗೆಯಲ್ಲಿ ಎಎಚ್‌ಆರ್‌ಗೆ ಬೇಕಾದ್ದೂ ಇದೆ. ಕಿಟಕಿಗೆ ಜಾಲರಿ ಹಾಕಿಸಿ, ಬತ್ತಿ ನಿಲ್ಲಿಸಿ. ಪ್ರಯೋಗ ನಡೆಯುವ ವಾರಗಳಲ್ಲಿ ಕಟ್ಟಡಕ್ಕೆ ಕೀಟನಾಶಕ ಸಿಂಪಡಿಸುವುದಿದೆಯೇ ಎಂದು ಕಚೇರಿಯಲ್ಲಿ ಮೊದಲೇ ಕೇಳಿ.

ಆಹಾರದಲ್ಲಿ ಎರಡು ಸಂಗತಿ. ಪೆಲೆಟ್ ಜೊತೆಗೆ ಪ್ರೀತಿಯಿಂದ ಕೋಸು ಕೊಡುವ ಪದ್ಧತಿ ಕೆಲವೆಡೆ ಇದೆ. ಕೋಸಿನ ಇಂಡೋಲ್-3-ಕಾರ್ಬಿನಾಲ್ ಹೊಟ್ಟೆಯ ಆಮ್ಲದಲ್ಲಿ ಎಎಚ್‌ಆರ್‌ಗೆ ಅಂಟುವ ವಸ್ತುಗಳಾಗಿ ಮಾರ್ಪಡುತ್ತದೆ, ಸಿವೈಪಿ1ಎ ಏರುತ್ತದೆ. ಎರಡನೆಯದು ಬೂಷ್ಟು. ವರ್ಷಕ್ಕೆ 3,500 ಮಿ.ಮೀ.ಗೂ ಹೆಚ್ಚು ಮಳೆ ಬೀಳುವ ಊರು ಇದು. ಆಟಿಯ ಮಳೆ ತಿಂಗಳಲ್ಲಿ ತೆರೆದಿಟ್ಟ ಪೆಲೆಟ್ ಚೀಲ ಬೇಗ ಬೂಷ್ಟು ಹಿಡಿಯುತ್ತದೆ. ಶೇಂಗಾ ಹಿಂಡಿ ಇರುವ ಆಹಾರದಲ್ಲಿ ಅಫ್ಲಟಾಕ್ಸಿನ್ ಬೆಳೆದರೆ ಅದು ನೇರ ಲಿವರ್‌ಗೇ ವಿಷ. ಚಿಕ್ಕ ಚೀಲಗಳಲ್ಲಿ ತರಿಸಿ, ನೆಲದಿಂದ ಮೇಲೆ, ಮುಚ್ಚಳದ ಡಬ್ಬಿಯಲ್ಲಿ ಇಡಿ. ಬೂಷ್ಟಿನ ವಾಸನೆ ಬಂದರೆ ಬಿಸಿಲಿಗೆ ಹಾಕಿ ಮತ್ತೆ ಬಳಸುವ ಯೋಚನೆ ಬೇಡ, ಅಫ್ಲಟಾಕ್ಸಿನ್ ಬಿಸಿಲಿನ ಶಾಖಕ್ಕೆ ಜಗ್ಗುವುದಿಲ್ಲ.

ಕೋಣೆ 22 ಡಿಗ್ರಿ, ಮೂರು ಹೆಚ್ಚುಕಡಿಮೆ, ತೇವಾಂಶ ಶೇ. 30ರಿಂದ 70. ಜೂನ್‌ನಿಂದ ಸೆಪ್ಟೆಂಬರ್ ತನಕ ಬರೀ ಎಸಿಯಿಂದ ಇದು ಆಗುವುದಿಲ್ಲ, ಡಿಹ್ಯುಮಿಡಿಫೈಯರ್ ಬೇಕು. ಬೆಳಕು 12 ಗಂಟೆ, ಕತ್ತಲು 12 ಗಂಟೆ, ಟೈಮರ್‌ನಲ್ಲಿ. ಕರೆಂಟ್ ಹೋಗಿ ಬಂದಮೇಲೆ ಟೈಮರ್‌ನ ಗಡಿಯಾರ ಸರಿಯಿದೆಯೇ ನೋಡಿ. ಲಿವರ್‌ನ ಜೀನ್‌ಗಳಲ್ಲಿ ದೊಡ್ಡ ಪಾಲು ದಿನದ ಹೊತ್ತಿಗೆ ತಕ್ಕಂತೆ ಏರಿಳಿಯುತ್ತದೆ.

ಇಲಿ ಕೆಮ್ಮುತ್ತಿದ್ದರೆ, ಮೂಗಿನ ಸುತ್ತ ಕೆಂಪು ಅಂಟು ಕಂಡರೆ ಆ ತಂಡ ಬೇಡ. ಸೋಂಕು ಮತ್ತು ಉರಿಯೂತ ಬಂದಾಗ ಇಂಟರ್‌ಲ್ಯೂಕಿನ್-6ರಂಥ ಸಂದೇಶಗಳು ಸಿವೈಪಿ ಜೀನ್‌ಗಳನ್ನು ಕೆಳಗೆ ತಳ್ಳುತ್ತವೆ. ಗವಾಜ್ ಸೂಜಿಯಿಂದ (ಬಾಯಿಯ ಮೂಲಕ ಹೊಟ್ಟೆಗೆ ಡೋಸ್ ಇಳಿಸುವ ಸೂಜಿ) ಅನ್ನನಾಳ ಗಾಯವಾದ ಇಲಿಯಲ್ಲೂ ಹೀಗೇ ಆಗುತ್ತದೆ. ರಾಸಾಯನಿಕ ಜೀನನ್ನು ಅಡಗಿಸಿತು ಎಂದು ಬರೆದ ಎಷ್ಟೋ ಫಲಿತಾಂಶಗಳ ಹಿಂದೆ ಇಂಥದ್ದೇ ಇರುತ್ತದೆ ಎಂಬುದು ನಮ್ಮ ಅನುಮಾನ.

ಡೋಸ್ ಮತ್ತು ಎಣ್ಣೆ

8ರಿಂದ 10 ವಾರದ ಗಂಡು ವಿಸ್ಟರ್ ಇಲಿ, 180ರಿಂದ 220 ಗ್ರಾಂ, ಗುಂಪಿಗೆ 6. ವಾಹಕ (ರಾಸಾಯನಿಕವನ್ನು ಬೆರೆಸಿ ಕೊಡುವ ಎಣ್ಣೆ ಅಥವಾ ದ್ರವ) ಮಾತ್ರ, ಕಡಿಮೆ ಡೋಸ್, ಹೆಚ್ಚು ಡೋಸ್, ಗೊತ್ತಿರುವ ಪ್ರೇರಕ: ಒಟ್ಟು 24 ಇಲಿ. ಪ್ರೇರಕದ ವಾಹಕ ಬೇರೆಯಾದರೆ, ಅಥವಾ ಅದನ್ನು ಕೊಡುವ ದಾರಿ ಬೇರೆಯಾದರೆ, ಅದಕ್ಕೊಂದು ಪ್ರತ್ಯೇಕ ವಾಹಕ ಗುಂಪು ಬೇಕು. ಹೆಣ್ಣನ್ನು ಸೇರಿಸುವುದಾದರೆ ಪ್ರತ್ಯೇಕ ಗುಂಪುಗಳಾಗಿಯೇ ಸೇರಿಸಿ, ಬೆರೆಸಬೇಡಿ: ಸಿವೈಪಿ2ಸಿ11 ಗಂಡಿಲಿಯದ್ದು, 2ಸಿ12 ಹೆಣ್ಣಿನದ್ದು, ಬೆಳವಣಿಗೆ ಹಾರ್ಮೋನು ಹರಿದುಬರುವ ರೀತಿಯ ಮೇಲೆ ನಿಂತ ವ್ಯತ್ಯಾಸ ಇದು. ತಂದ ಮೇಲೆ ಕನಿಷ್ಠ 7 ದಿನ ಹೊಂದಿಕೊಳ್ಳಲು ಬಿಡಿ. ಒಂದು ಪಂಜರದ ಮೂರೂ ಇಲಿಗಳು ಒಂದೇ ಗುಂಪಿಗೆ ಹೋದರೆ ಪಂಜರದ ಪರಿಣಾಮ ಡೋಸಿನ ಪರಿಣಾಮದಂತೆ ಕಾಣುವ ಅಪಾಯವಿದೆ. ಇಲಿ ಇನ್ನೊಂದರ ಹಿಕ್ಕೆ ತಿನ್ನುವುದರಿಂದ ಬೆರೆಸುವುದೂ ಸರಿಯಲ್ಲ. ಹಾಗಾಗಿ ಗುಂಪಿಗೆ ಎರಡು ಪಂಜರವಾದರೂ ಇರಲಿ, ರ‍್ಯಾಕಿನಲ್ಲಿ ಜಾಗ ಚೀಟಿ ಎತ್ತಿ ಹಂಚಿ.

ನೀರಿನಲ್ಲಿ ಕರಗುವುದಕ್ಕೆ ಶೇ. 0.5 ಸಿಎಂಸಿ (ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್), ಎಣ್ಣೆಯಲ್ಲಿ ಕರಗುವುದಕ್ಕೆ ಜೋಳದೆಣ್ಣೆ. ಮನೆಯಲ್ಲಿ ಸಿಗುವ ತೆಂಗಿನೆಣ್ಣೆ ಬೇಡ. ಅದು ಸುಮಾರು 24 ಡಿಗ್ರಿಗೆ ಗಟ್ಟಿಯಾಗುತ್ತದೆ; 22 ಡಿಗ್ರಿಯ ಕೋಣೆಯಲ್ಲಿ ಸಿರಿಂಜಿನೊಳಗೇ ಹೆಪ್ಪುಗಟ್ಟಿ, ಮೊದಲ ಇಲಿಗೆ ಒಂದು ಡೋಸ್, ಆರನೆಯದಕ್ಕೆ ಇನ್ನೊಂದು ಡೋಸ್ ಆಗುತ್ತದೆ. ಯಾವ ಎಣ್ಣೆಯಾದರೂ ಕೊಬ್ಬಿನಾಮ್ಲಗಳಿಂದಾಗಿ ಪಿಪಾರ್-ಆಲ್ಫಾವನ್ನು ಸ್ವಲ್ಪ ಕೆದಕುತ್ತದೆ. ಎಣ್ಣೆ ಕೊಟ್ಟ ಗುಂಪಿಗೆ ಏನೂ ಕೊಡದ ಇಲಿಯನ್ನು ಹೋಲಿಸಿದರೆ ಸಿವೈಪಿ4ಎ1 ಏರಿದ್ದು ಎಣ್ಣೆಯಿಂದಲೇ ಇರಬಹುದು. ಎಣ್ಣೆಯ ದ್ರಾವಣವನ್ನು ಮೆದು ಪಿವಿಸಿ ಕೊಳವೆಯಲ್ಲಿ ಇಡಬೇಡಿ, ಅದರ ಥ್ಯಾಲೇಟ್ ಎಣ್ಣೆಗೆ ಇಳಿಯುತ್ತದೆ. ಗಾಜಿನ ಬಾಟಲಿ, ಸ್ಟೀಲ್ ಸೂಜಿ.

ಎಣ್ಣೆಯನ್ನು 5 ಮಿ.ಲೀ./ಕೆ.ಜಿ. ಮೀರಿಸದಿರಿ. ಲೆಕ್ಕ ಸುಲಭ: 200 ಗ್ರಾಂ ಇಲಿಗೆ 80 ಮಿ.ಗ್ರಾಂ/ಕೆ.ಜಿ. ಎಂದರೆ 16 ಮಿ.ಗ್ರಾಂ, 5 ಮಿ.ಲೀ./ಕೆ.ಜಿ.ಯಂತೆ ಅದು 1 ಮಿ.ಲೀ. ಆಗಬೇಕು, ಹಾಗಾಗಿ ದ್ರಾವಣ ಮಿಲಿಲೀಟರಿಗೆ 16 ಮಿ.ಗ್ರಾಂ. ದಿನಾ ಬೆಳಿಗ್ಗೆ ತೂಗಿ ಆ ದಿನದ ತೂಕಕ್ಕೆ ತಕ್ಕಂತೆ ಕೊಡಿ. ಗಿಡದ ಸಾರವಾದರೆ ಎಥನಾಲ್ ಪೂರ್ತಿ ಹೋಗಿದೆಯೇ ನೋಡಿ. ಉಳಿದ ಎಥನಾಲ್ ತಾನೇ ಒಂದು ಪ್ರೇರಕ.

ಎಷ್ಟು ಹೊತ್ತಿಗೆ ನೋಡಬೇಕು? ಸಿವೈಪಿ1ಎ1ರ ಆರ್‌ಎನ್‌ಎ ಒಂದು ಡೋಸಿನ ನಂತರ ಗಂಟೆಗಳಲ್ಲೇ ಏರುತ್ತದೆ. ಗೊತ್ತಿಲ್ಲದ ವಸ್ತುವಾದರೆ ಮೊದಲು ಚಿಕ್ಕ ಪ್ರಯೋಗದಲ್ಲಿ 6 ಗಂಟೆ, 24 ಗಂಟೆ ನೋಡಿ. ಕಿಣ್ವದ ಚಟುವಟಿಕೆಯೂ ಬೇಕಾದರೆ 4 ದಿನ ಕೊಟ್ಟು ಕೊನೆಯ ಡೋಸಿನ 24 ಗಂಟೆಯ ಮೇಲೆ ತೆಗೆಯಿರಿ.

ಲಿವರ್ ತೆಗೆಯುವ ದಿನ

ರಾತ್ರಿಯಿಡೀ ಉಪವಾಸ ಹಾಕುವುದು ರಕ್ತಪರೀಕ್ಷೆಗಳಿಂದ ಬಂದ ಅಭ್ಯಾಸ. ಜೀನ್ ನೋಡುವವರಿಗೆ ಅದು ತೊಂದರೆ: ಉಪವಾಸ ತಾನೇ ಪಿಪಾರ್-ಆಲ್ಫಾವನ್ನು ಎಬ್ಬಿಸಿ ಸಿವೈಪಿ4ಎ ಏರಿಸುತ್ತದೆ, ಕಾರ್ ಮೇಲೂ ಅದರ ಪ್ರಭಾವ ಇದೆ. ಇನ್ನೊಂದು ಕಡೆ, ಇಲಿ ರಾತ್ರಿ ತಿನ್ನುವ ಪ್ರಾಣಿ, ಬೆಳಿಗ್ಗೆ ಅದರ ಲಿವರ್ ತುಂಬ ಗ್ಲೈಕೋಜನ್. ಅದು ಆರ್‌ಎನ್‌ಎ ಜೊತೆಗೇ ಕೆಳಗಿಳಿದು ಅಂಟಂಟಾಗಿಸುತ್ತದೆ. ನಮ್ಮ ಸಲಹೆ: ಉಪವಾಸ ಬೇಡ, ಗ್ಲೈಕೋಜನ್ ಅನ್ನು ಟ್ಯೂಬಿನಲ್ಲೇ ನಿಭಾಯಿಸಿ. ರಕ್ತದ ಸಕ್ಕರೆಗಾಗಿ ಉಪವಾಸ ಬೇಕೇ ಬೇಕು ಎಂದು ಗೈಡ್ ಹಟ ಹಿಡಿದರೆ ಎಲ್ಲ ಗುಂಪಿಗೂ ಒಂದೇ ಹೊತ್ತಿಗೆ ಆಹಾರ ತೆಗೆದು, ಉಪವಾಸ 4 ಗಂಟೆ ಕಾಲ ಮೀರದಂತೆ ನೋಡಿಕೊಳ್ಳಿ.

ಬೆಳಿಗ್ಗೆ 9ರಿಂದ 11ರೊಳಗೆ ಎಲ್ಲ ಮುಗಿಯಬೇಕು. ಆಗದಿದ್ದರೆ ಎರಡು ದಿನಕ್ಕೆ ಹಂಚಿ, ಆದರೆ ಪ್ರತಿ ದಿನವೂ ಪ್ರತಿ ಗುಂಪಿನ ಇಲಿಗಳಿರಲಿ. ವಾಹಕ ಗುಂಪು ಪೂರ್ತಿ ಮುಗಿಸಿ ಮುಂದಿನದಕ್ಕೆ ಹೋಗುವುದು ತಪ್ಪು. ಒಂದು ವಾಹಕ, ಒಂದು ಕಡಿಮೆ ಡೋಸ್, ಒಂದು ಹೆಚ್ಚು ಡೋಸ್, ಒಂದು ಪ್ರೇರಕ, ಮತ್ತೆ ವಾಹಕ, ಹೀಗೆ ಸುತ್ತುಹಾಕಿ. ಅರಿವಳಿಕೆಗೆ ಐಸೊಫ್ಲೂರೇನ್ ಆದರೆ ಎಲ್ಲಕ್ಕೂ ಅದೇ.

ಹೊಟ್ಟೆ ತೆರೆದು ಲಿವರ್ ಪೂರ್ತಿ ತೆಗೆದು, ತಣ್ಣನೆಯ ಪಿಬಿಎಸ್‌ನಲ್ಲಿ (ಫಾಸ್ಫೇಟ್ ಬೆರೆತ ಉಪ್ಪುನೀರು) ರಕ್ತ ತೊಳೆದು, ಫಿಲ್ಟರ್ ಕಾಗದದಲ್ಲಿ ಒತ್ತಿ, ತೂಗಿ. 200 ಗ್ರಾಂ ಇಲಿಯಲ್ಲಿ ಸುಮಾರು 8 ಗ್ರಾಂ ಇರುತ್ತದೆ. ಫೀನೊಬಾರ್ಬಿಟಲ್ ಗುಂಪಿನಲ್ಲಿ ಲಿವರ್ ಕಣ್ಣಿಗೇ ದೊಡ್ಡದು ಕಾಣಬೇಕು, ಕಾಣದಿದ್ದರೆ ಡೋಸ್ ಒಳಹೋಗಿದೆಯೇ ಎಂದು ಅಲ್ಲೇ ಅನುಮಾನಿಸಿ. ಯಾವಾಗಲೂ ಎಡ ಪಾರ್ಶ್ವದ ಹಾಲೆಯಿಂದಲೇ ತುಂಡು ತೆಗೆಯಿರಿ. ಇಲಿಗೆ ಪಿತ್ತಕೋಶ ಇಲ್ಲ, ಚಿಕ್ಕಿಲಿಗೆ ಇದೆ. ಚಿಕ್ಕಿಲಿಯಲ್ಲಿ ಅದು ಒಡೆದು ಪಿತ್ತ ಹರಿದರೆ ತುಂಡು ಹಾಳು. 50ರಿಂದ 100 ಮಿ.ಗ್ರಾಂ ತುಂಡುಗಳು ನಾಲ್ಕೈದು, ಹೆಸರು ಬರೆದ ಕ್ರಯೋ ಟ್ಯೂಬಿನಲ್ಲಿ, ದ್ರವ ಸಾರಜನಕಕ್ಕೆ. ಉಸಿರು ನಿಂತದ್ದರಿಂದ ಇಲ್ಲಿಯವರೆಗೆ ಮೂರು ನಿಮಿಷ ಎಂದು ಗುರಿ ಇಟ್ಟುಕೊಳ್ಳಿ. ದ್ರವ ಸಾರಜನಕ ಸಿಗದ ದಿನ ಆರ್‌ಎನ್‌ಎ ಕೆಡದಂತೆ ಇಡುವ ಆರ್‌ಎನ್‌ಎಲೇಟರ್ ದ್ರಾವಣ ಆಗುತ್ತದೆ, ಆದರೆ ತುಂಡು ಅರ್ಧ ಸೆಂ.ಮೀ.ಗಿಂತ ತೆಳ್ಳಗಿರಲಿ, ದ್ರಾವಣ ತುಂಡಿನ ಐದು ಪಟ್ಟಿಗಿಂತ ಕಡಿಮೆಯಾಗದಿರಲಿ. ಒಂದು ರಾತ್ರಿ 4 ಡಿಗ್ರಿ, ಆಮೇಲೆ ಫ್ರೀಜರ್. ದಪ್ಪ ತುಂಡಿನ ನಡುವೆ ದ್ರಾವಣ ತಲಪುವ ಮೊದಲೇ ಆರ್‌ಎನ್‌ಎ ಕೊಳೆತಿರುತ್ತದೆ. ಉಳಿದ ಲಿವರ್‌ನಲ್ಲಿ ಒಂದು ತೆಳುಹೋಳು ಶೇ. 10 ಬಫರ್ ಫಾರ್ಮಾಲಿನ್‌ಗೆ, ಉಳಿದದ್ದು ಮೈಕ್ರೊಸೋಮ್‌ಗೆ (ಸಿವೈಪಿ ಕಿಣ್ವಗಳಿರುವ ಪೊರೆಯ ಚೂರುಗಳು).

ಆರ್‌ಎನ್‌ಎ ತೆಗೆಯುವುದು

ಕರಾವಳಿಯ ಗಾಳಿಯಲ್ಲಿ ಮೈನಸ್ 80ರಿಂದ ತೆಗೆದ ಟ್ಯೂಬಿನ ಮೇಲೆ ಕ್ಷಣದಲ್ಲಿ ಮಂಜು ಕೂರುತ್ತದೆ. ತಕ್ಕಡಿಯ ಮೇಲಿಟ್ಟು ಹೊತ್ತು ಕಳೆದರೆ ತೂಕವೂ ತಪ್ಪು, ಅಂಚು ಕರಗಿ ಆರ್‌ಎನ್‌ಎಯೂ ಹಾಳು. ತೆಗೆಯುವ ದಿನವೇ ಅಳತೆಯ ತುಂಡು ಮಾಡಿದ್ದರೆ ಈ ಪಾಡಿಲ್ಲ. ಹೆಪ್ಪುಗಟ್ಟಿದ ತುಂಡು ನೇರ ಟ್ರೈಜಾಲ್‌ಗೆ (ಕೋಶ ಒಡೆದು ಆರ್‌ಎನ್‌ಎ ಬಿಡಿಸುವ ದ್ರಾವಣ) ಬೀಳಬೇಕು, ಬಿದ್ದ ತಕ್ಷಣ ಹೋಮೊಜನೈಸರ್ ಓಡಬೇಕು.

50 ಮಿ.ಗ್ರಾಂಗೆ 1 ಮಿ.ಲೀ. ಟ್ರೈಜಾಲ್. ಲಿವರ್‌ನ ಒಂದು ಮಿ.ಗ್ರಾಂನಲ್ಲಿ 6ರಿಂದ 10 ಮೈಕ್ರೊಗ್ರಾಂ ಆರ್‌ಎನ್‌ಎ ಸಿಗುತ್ತದೆ, 50 ಮಿ.ಗ್ರಾಂನಿಂದ ಬರುವುದೇ ಬೇಕಾದ್ದಕ್ಕಿಂತ ಜಾಸ್ತಿ. ಹೆಚ್ಚು ಹಾಕಿದರೆ ಪದರ ಸರಿಯಾಗಿ ಬೇರೆಯಾಗದು, ಡಿಎನ್‌ಎ ಮೇಲೆ ಬರುತ್ತದೆ. ಅರೆದ ಮೇಲೆ ಸೆಂಟ್ರಿಫ್ಯೂಜ್‌ನಲ್ಲಿ 12,000 ಜಿ (ಗುರುತ್ವದ 12,000 ಪಟ್ಟು ಬಲ), 4 ಡಿಗ್ರಿ, 10 ನಿಮಿಷ ತಿರುಗಿಸಿ ತಳದ ಕಸ ಬಿಟ್ಟು ಮೇಲಿನದ್ದನ್ನು ಹೊಸ ಟ್ಯೂಬಿಗೆ. 5 ನಿಮಿಷ ಹಾಗೇ ಬಿಟ್ಟು, 0.2 ಮಿ.ಲೀ. ಕ್ಲೋರೊಫಾರ್ಮ್ ಹಾಕಿ, 15 ಸೆಕೆಂಡು ಕುಲುಕಿ, 3 ನಿಮಿಷ ಬಿಟ್ಟು, 12,000 ಜಿ, 15 ನಿಮಿಷ. ಮೇಲಿನ ಬಣ್ಣವಿಲ್ಲದ ಪದರದಲ್ಲಿ ಮುಕ್ಕಾಲು ಪಾಲು ಮಾತ್ರ ತೆಗೆಯಿರಿ. ಕೊನೆಯ ಹನಿಯ ಆಸೆಗೆ ನಡುವಿನ ಬಿಳಿ ಪದರ ಮುಟ್ಟಿದರೆ ಡಿಎನ್‌ಎ ಬಂದೇ ಬರುತ್ತದೆ.

ಗ್ಲೈಕೋಜನ್ ನಿಭಾಯಿಸುವುದು ಈ ಹಂತದಲ್ಲಿ. ಮಾಮೂಲಿನಂತೆ 0.5 ಮಿ.ಲೀ. ಐಸೊಪ್ರೊಪನಾಲ್ ಹಾಕುವ ಬದಲು 0.25 ಮಿ.ಲೀ. ಐಸೊಪ್ರೊಪನಾಲ್ ಮತ್ತು 0.25 ಮಿ.ಲೀ. ಗಾಢ ಉಪ್ಪಿನ ದ್ರಾವಣ ಹಾಕಿ. ಆ ದ್ರಾವಣ 0.8 ಮೋಲಾರ್ ಸೋಡಿಯಂ ಸಿಟ್ರೇಟ್ ಮತ್ತು 1.2 ಮೋಲಾರ್ ಸೋಡಿಯಂ ಕ್ಲೋರೈಡ್. ಪಾಲಿಸ್ಯಾಕರೈಡ್ ದ್ರವದಲ್ಲೇ ಉಳಿದು ಆರ್‌ಎನ್‌ಎ ಮಾತ್ರ ತಳ ಸೇರುತ್ತದೆ. 10 ನಿಮಿಷ ಬಿಟ್ಟು, 12,000 ಜಿ, 10 ನಿಮಿಷ. ಆಮೇಲೆ ಶೇ. 75 ಎಥನಾಲ್ 1 ಮಿ.ಲೀ.ನಲ್ಲಿ ತೊಳೆದು, 7,500 ಜಿ, 5 ನಿಮಿಷ. ಮಳೆಗಾಲದಲ್ಲಿ ಎಥನಾಲ್ ಆರುವುದು ನಿಧಾನ; ಇನ್ನೊಮ್ಮೆ ಚಿಕ್ಕದಾಗಿ ತಿರುಗಿಸಿ ಸಣ್ಣ ಟಿಪ್ಪಿನಿಂದ ಉಳಿದ ಹನಿ ತೆಗೆದು, 5ರಿಂದ 10 ನಿಮಿಷ ಒಣಗಿಸಿ. ಪೂರ್ತಿ ಗರಿಗರಿಯಾದರೆ ಕರಗದು. ಆರ್‌ಎನ್‌ಏಸ್ ಇಲ್ಲದ ನೀರು 50 ಮೈಕ್ರೋಲೀಟರ್, 55 ಡಿಗ್ರಿ, 10 ನಿಮಿಷ. ಆಮೇಲೂ ತಳದಲ್ಲಿ ಬಿಳಿ ಲೋಳೆ ಉಳಿದರೆ ಅದು ಗ್ಲೈಕೋಜನ್ನೇ. ಲಿಥಿಯಂ ಕ್ಲೋರೈಡ್ ಅನ್ನು 2.5 ಮೋಲಾರ್ ಆಗುವಂತೆ ಹಾಕಿ, ಮೈನಸ್ 20ರಲ್ಲಿ ಅರ್ಧ ಗಂಟೆ ಇಟ್ಟು ಮತ್ತೆ ತಿರುಗಿಸಿದರೆ ಆರ್‌ಎನ್‌ಎ ತಳಕ್ಕೆ ಬರುತ್ತದೆ, ಗ್ಲೈಕೋಜನ್ ಬರುವುದಿಲ್ಲ.

260/280 ಅನುಪಾತ (ಆ ಎರಡು ನ್ಯಾನೊಮೀಟರ್ ಬೆಳಕನ್ನು ಹೀರುವ ಪ್ರಮಾಣಗಳ ಹೋಲಿಕೆ) 2ರ ಹತ್ತಿರ ಇರಬೇಕು. 260/230 ತೀರ ಕಡಿಮೆ ಬಂದರೆ ಟ್ರೈಜಾಲ್‌ನ ಗ್ವಾನಿಡೀನ್ ಉಳಿದಿದೆ, ಎಥನಾಲ್ ತೊಳೆತ ಇನ್ನೊಮ್ಮೆ. ಈ ಅನುಪಾತಗಳು ಆರ್‌ಎನ್‌ಎ ತುಂಡಾಗಿದೆಯೇ ಎಂದು ಹೇಳುವುದಿಲ್ಲ. ಅದಕ್ಕೆ ಜೆಲ್ ಓಡಿಸಿ: ರೈಬೋಸೋಮಿನ ಎರಡು ಆರ್‌ಎನ್‌ಎಗಳಲ್ಲಿ 28ಎಸ್ ಪಟ್ಟಿ 18ಎಸ್‌ಗಿಂತ ಸುಮಾರು ಎರಡು ಪಟ್ಟು ದಟ್ಟ ಇರಬೇಕು.

ಪಿಸಿಆರ್ ಮತ್ತು ಲೆಕ್ಕ

1 ಮೈಕ್ರೊಗ್ರಾಂ ಆರ್‌ಎನ್‌ಎಗೆ 1 ಯೂನಿಟ್ ಡಿಎನ್‌ಏಸ್ (ಡಿಎನ್‌ಎ ಕತ್ತರಿಸುವ ಕಿಣ್ವ), 15 ನಿಮಿಷ. ಅದನ್ನು ನಿಲ್ಲಿಸಲು ಇಡಿಟಿಎ ಹಾಕಿ 65 ಡಿಗ್ರಿ, 10 ನಿಮಿಷ. 20 ಮೈಕ್ರೋಲೀಟರ್‌ನಲ್ಲಿ ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಕಿಣ್ವದಿಂದ ಸಿಡಿಎನ್‌ಎ (ಆರ್‌ಎನ್‌ಎಯ ಡಿಎನ್‌ಎ ಪ್ರತಿ) ಮಾಡಿ ಹತ್ತು ಪಟ್ಟು ತೆಳುಮಾಡಿ. ಪ್ರತಿ ಮಾದರಿಗೂ ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಹಾಕದ ಒಂದು ಟ್ಯೂಬ್ ಇರಲಿ. ಅದರ ಸಿಟಿ (ಜೀನ್ ಯಂತ್ರಕ್ಕೆ ಕಾಣಿಸಲು ಹಿಡಿದ ಸೈಕಲ್‌ಗಳ ಸಂಖ್ಯೆ; ಕಡಿಮೆಯಾದಷ್ಟೂ ಆರ್‌ಎನ್‌ಎ ಜಾಸ್ತಿ) ಕನಿಷ್ಠ 7 ಸೈಕಲ್ ತಡವಾಗಿ ಬಂದರೆ ಡಿಎನ್‌ಎ ಕಲಬೆರಕೆ ಶೇ. 1ಕ್ಕಿಂತ ಕಡಿಮೆ ಎಂದರ್ಥ. 20 ಮೈಕ್ರೋಲೀಟರ್ ಮಿಶ್ರಣಕ್ಕೆ: ಎರಡು ಪಟ್ಟು ಸೈಬರ್ ಮಿಕ್ಸ್ 10, 10 ಮೈಕ್ರೊಮೋಲಾರ್ ಪ್ರೈಮರ್ ತಲಾ 0.6, ಸಿಡಿಎನ್‌ಎ 2, ನೀರು 6.8. 95 ಡಿಗ್ರಿಯಲ್ಲಿ 15 ಸೆಕೆಂಡು, 60 ಡಿಗ್ರಿಯಲ್ಲಿ 1 ನಿಮಿಷ, 40 ಸೈಕಲ್, ಕೊನೆಗೆ ಮೆಲ್ಟ್ ಕರ್ವ್. ಹೊಸ ಪ್ರೈಮರ್ ಬಂದಾಗ ಐದು ಹಂತದ ತೆಳುವಿಕೆ ಮಾಡಿ ಇಳಿಜಾರು ನೋಡಿ: ಮೈನಸ್ 3.32 ಬಂದರೆ ಕ್ಷಮತೆ ಶೇ. 100, ಮೈನಸ್ 3.1ರಿಂದ 3.6ರ ತನಕ ಒಪ್ಪಬಹುದು.

ಸಿವೈಪಿ2ಬಿ1 ಮತ್ತು 2ಬಿ2 ಅವಳಿಗಳಿದ್ದ ಹಾಗೆ. ಪ್ರೋಟೀನಿನ ಮಟ್ಟದಲ್ಲಿ ಶೇ. 97ರಷ್ಟು ಒಂದೇ. ಪ್ರೈಮರ್‌ನ 3 ಪ್ರೈಮ್ ತುದಿ ಎರಡರ ನಡುವೆ ವ್ಯತ್ಯಾಸ ಇರುವ ಜಾಗದಲ್ಲೇ ಕೂರಬೇಕು. ಅದು ಖಾತ್ರಿಯಿಲ್ಲದಿದ್ದರೆ 2ಬಿ1/2 ಎಂದು ಒಟ್ಟಿಗೆ ಬರೆಯಿರಿ, ಅದರಲ್ಲಿ ಅವಮಾನವೇನಿಲ್ಲ.

ಹೋಲಿಕೆಗೆ, ಅಂದರೆ ಡೋಸಿಗೆ ಬದಲಾಗಬಾರದ ಜೀನ್ ಆಗಿ, ಜಿಎಪಿಡಿಎಚ್ ಒಂದನ್ನೇ ಇಟ್ಟುಕೊಳ್ಳುವ ಚಟ ಬಿಡಿ. ಅದು ಸಕ್ಕರೆಯ ದಾರಿಯ ಕಿಣ್ವ, ಇನ್ಸುಲಿನ್‌ಗೂ ಉಪವಾಸಕ್ಕೂ ಅಲುಗುತ್ತದೆ. ಲಿವರ್‌ಗೆ ಗಾಯವಾಗಿ ನಾರು ಬೆಳೆಯುವ ಪ್ರಯೋಗದಲ್ಲಿ ಬೀಟಾ-ಆಕ್ಟಿನ್ ಕೂಡ ನಿಲ್ಲದು. ಎಚ್‌ಪಿಆರ್‌ಟಿ1, ಪಿಪಿಐಎ, ಆರ್‌ಪಿಎಲ್‌ಪಿ0, ಟಿಬಿಪಿ ನಾಲ್ಕನ್ನೂ ಎಲ್ಲ ಗುಂಪುಗಳಲ್ಲಿ ಓಡಿಸಿ, ಕದಲದ ಎರಡನ್ನು ಆರಿಸಿ.

ಲೆಕ್ಕದ ಒಂದು ಮಾದರಿ. ವಾಹಕ ಗುಂಪಿನಲ್ಲಿ 2ಬಿ1ರ ಸಿಟಿ 29.5, ಹೋಲಿಕೆ ಜೀನ್ 24.0 ಎಂದಿಟ್ಟುಕೊಳ್ಳಿ; ವ್ಯತ್ಯಾಸ 5.5. ಫೀನೊಬಾರ್ಬಿಟಲ್ ಗುಂಪಿನಲ್ಲಿ 23.2 ಮತ್ತು 24.1, ವ್ಯತ್ಯಾಸ ಮೈನಸ್ 0.9. ಎರಡನೆಯದರಿಂದ ಮೊದಲನೆಯದನ್ನು ಕಳೆದರೆ ಮೈನಸ್ 6.4, ಎರಡರ ಘಾತ 6.4 ಎಂದರೆ ಸುಮಾರು 84 ಪಟ್ಟು. ಇಷ್ಟು ದೊಡ್ಡ ಸಂಖ್ಯೆ ನೋಡಿ ಹೆದರಬೇಡಿ, ಹಿಗ್ಗಲೂ ಬೇಡಿ: ಮದ್ದು ಕೊಡದ ಇಲಿಯಲ್ಲಿ 2ಬಿ1 ಬಹಳ ಕಡಿಮೆ, ತಳ ಚಿಕ್ಕದಾದಾಗ ಪಟ್ಟು ದೊಡ್ಡದಾಗುತ್ತದೆ. ಸಿವೈಪಿ1ಎ1 ಕೂಡ ಹಾಗೇ. ಅದಕ್ಕೇ ಪಟ್ಟಿನ ಜೊತೆಗೆ ವಾಹಕ ಗುಂಪಿನ ಸಿಟಿಯನ್ನೂ ಬರೆಯಬೇಕು. 35ರ ಮೇಲಿದ್ದರೆ ಪಟ್ಟಿಗೆ ಅರ್ಥವಿಲ್ಲ. ಸಂಖ್ಯಾಶಾಸ್ತ್ರದ ಪರೀಕ್ಷೆಯನ್ನು ಸಿಟಿ ವ್ಯತ್ಯಾಸದ ಮೇಲೆ ಮಾಡಿ, ಪಟ್ಟುಗಳ ಮೇಲಲ್ಲ. ಎನ್ ಎಂದರೆ ಇಲಿಗಳ ಸಂಖ್ಯೆ. ಒಂದೇ ಇಲಿಯ ಮೂರು ಬಾವಿ (ಪಿಸಿಆರ್ ಪ್ಲೇಟಿನ ಗುಳಿ) ಸೇರಿಸಿ 18 ಎಂದು ಬರೆದರೆ ಪರೀಕ್ಷಕರು ಸುಮ್ಮನಿರಬಹುದು, ಲೆಕ್ಕವಂತೂ ತಪ್ಪು.

ಇಳಿದ ಜೀನ್, ಉಳಿದ ಲಿವರ್

ನಮ್ಮ ಕಡೆ ಅತಿ ಹೆಚ್ಚು ನಡೆಯುವುದು ಗಿಡಮೂಲಿಕೆಯ ಪ್ರಯೋಗ: ಕಾಮಾಲೆಗೆ ಕೊಡುವ ನೆಲನೆಲ್ಲಿಯಂಥ ಗಿಡದ ಸಾರವನ್ನು ಒಂದು ವಾರ ಕೊಟ್ಟು, ಆಮೇಲೆ ಕಾರ್ಬನ್ ಟೆಟ್ರಾಕ್ಲೋರೈಡ್ ಅಥವಾ ಪ್ಯಾರಸಿಟಮಾಲ್ ಕೊಟ್ಟು, ಲಿವರ್ ಉಳಿಯಿತೇ ಎಂದು ನೋಡುವುದು. ಇಲ್ಲೊಂದು ಬಲೆ ಇದೆ. ಕಾರ್ಬನ್ ಟೆಟ್ರಾಕ್ಲೋರೈಡ್ ತಾನಾಗಿ ಕೋಶವನ್ನು ಕೊಲ್ಲುವುದಲ್ಲ. ಸಿವೈಪಿ2ಇ1 ಅದನ್ನು ಒಡೆದಾಗ ಹುಟ್ಟುವ ಟ್ರೈಕ್ಲೋರೊಮೀಥೈಲ್ ರ‍್ಯಾಡಿಕಲ್ ಕೊಲ್ಲುತ್ತದೆ. ಸಾರವು ಮೊದಲೇ 2ಇ1 ಅನ್ನು ಅಡಗಿಸಿದ್ದರೆ ವಿಷ ಹುಟ್ಟುವುದೇ ಇಲ್ಲ, ಲಿವರ್‌ಗೆ ಗಾಯವಾದಾಗ ರಕ್ತಕ್ಕೆ ಸೋರುವ ಎಎಲ್‌ಟಿ, ಎಎಸ್‌ಟಿ ಕಿಣ್ವಗಳು ಕಡಿಮೆ ಬರುತ್ತವೆ, ಸಾರ ಲಿವರ್ ಕಾಪಾಡಿತು ಎಂದು ತೀರ್ಮಾನವಾಗುತ್ತದೆ. ಅದನ್ನು ಬೇರ್ಪಡಿಸಲು ಎರಡು ಗುಂಪು ಹೆಚ್ಚು ಬೇಕು: ಸಾರ ಮಾತ್ರ ಕೊಟ್ಟು 2ಇ1 ನೋಡುವ ಗುಂಪು ಒಂದು; ವಿಷ ಕೊಟ್ಟ ಕೆಲವು ಗಂಟೆಗಳ ಮೇಲೆ ಸಾರ ಕೊಡುವ ಗುಂಪು ಇನ್ನೊಂದು.

2ಇ1 ಅನ್ನು ಪಿಸಿಆರ್‌ನಲ್ಲಿ ಮಾತ್ರ ನೋಡಿದರೂ ಸಾಲದು. ಎಥನಾಲ್, ಅಸಿಟೋನ್‌ನಂಥವು ಈ ಪ್ರೋಟೀನು ಕರಗಿಹೋಗದಂತೆ ತಡೆಯುತ್ತವೆ. ಆರ್‌ಎನ್‌ಎ ಅಷ್ಟೇನೂ ಬದಲಾಗದೆ ಕಿಣ್ವ ಏರುತ್ತದೆ. ಪ್ರೋಟೀನನ್ನೇ ನೋಡುವ ವೆಸ್ಟರ್ನ್ ಬ್ಲಾಟ್ ಬೇಕು. ಉಳಿದ ಸಿವೈಪಿಗಳಿಗೂ ಚಟುವಟಿಕೆ ನೋಡಿದರೆ ಒಳ್ಳೆಯದು: ಅರೆದ ಲಿವರನ್ನು 9,000 ಜಿ, 20 ನಿಮಿಷ, ಮೇಲಿನದ್ದನ್ನು 1,00,000 ಜಿ, 60 ನಿಮಿಷ ತಿರುಗಿಸಿದರೆ ತಳದಲ್ಲಿ ಮೈಕ್ರೊಸೋಮ್. ಅದಕ್ಕೆ ಒಡೆಯಲು ಕೊಡುವ ವಸ್ತು: 1ಎಗೆ ಎಥಾಕ್ಸಿರಿಸೊರುಫಿನ್, 2ಬಿಗೆ ಪೆಂಟಾಕ್ಸಿರಿಸೊರುಫಿನ್.

ಹೆಚ್ಚು ಡೋಸಿನಲ್ಲಿ ಒಂದು ಜೀನ್ ಇಳಿದರೆ ಮೊದಲು ಫಾರ್ಮಾಲಿನ್‌ನಲ್ಲಿಟ್ಟ ಹೋಳನ್ನು ನೋಡಿ. 2ಇ1, 1ಎ2ರಂಥವು ಹೆಚ್ಚಾಗಿ ಇರುವುದು ಕೇಂದ್ರ ಅಭಿಧಮನಿಯ ಸುತ್ತಲಿನ ಕೋಶಗಳಲ್ಲಿ. ಪ್ಯಾರಸಿಟಮಾಲ್ ಕೊಲ್ಲುವುದೂ ಅವನ್ನೇ. ಕೋಶಗಳೇ ಸತ್ತು ಹೋಗಿದ್ದರೆ ಆರ್‌ಎನ್‌ಎ ಇಳಿದದ್ದನ್ನು ಜೀನ್ ನಿಯಂತ್ರಣ ಎಂದು ಕರೆಯಲಾಗದು.

ಇಲಿಯ ಫಲಿತಾಂಶವನ್ನು ಮನುಷ್ಯರಿಗೆ ಹಾಯಿಸುವಾಗ ರಿಫಾಂಪಿಸಿನ್ ಮತ್ತು ಪಿಸಿಎನ್ ವಿಷಯ ನೆನಪಿರಲಿ. ದಕ್ಷಿಣ ಕನ್ನಡದ ಗೇರು ತೋಟಗಳ ಮೇಲೆ ಹೆಲಿಕಾಪ್ಟರ್‌ನಿಂದ ಸಿಂಪಡಿಸಿದ, 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ತಡೆದ ಎಂಡೋಸಲ್ಫಾನ್ ಕೂಡ ಪಿಎಕ್ಸ್‌ಆರ್ ಎಬ್ಬಿಸುವ ವಸ್ತು. ಇಲಿಯಲ್ಲಿ 3ಎ23 ಏರಿತು ಎಂಬುದು ಲಿವರ್ ಅದನ್ನು ಗುರುತಿಸಿದೆ ಎಂದಷ್ಟೇ ಹೇಳುತ್ತದೆ. ಆ ಸಿಂಪಡಣೆಗೆ ಸಿಕ್ಕ ಕೊಕ್ಕಡದ ಮನೆಗಳಲ್ಲಿ ಆದ ಹಾನಿಯ ಬಗ್ಗೆ ಅದರಿಂದ ಆಚೆಗೂ ಈಚೆಗೂ ಏನೂ ಹೇಳಲು ಬರುವುದಿಲ್ಲ.

ಸೀಕ್ವೆನ್ಸಿಂಗ್‌ಗೆ ಕಳಿಸುವುದು

ಆರೇಳು ಜೀನ್ ಸಾಲದು, ಇಡೀ ಚಿತ್ರ ಬೇಕು ಎಂದರೆ ಆರ್‌ಎನ್‌ಎ ಸೀಕ್ವೆನ್ಸಿಂಗ್. ಮಾದರಿಗೆ 2ರಿಂದ 3 ಕೋಟಿ ರೀಡ್ (ಯಂತ್ರ ಓದಿದ ತುಣುಕು), ಆರ್‌ಐಎನ್ (ಆರ್‌ಎನ್‌ಎ ಎಷ್ಟು ಇಡಿಯಾಗಿದೆ ಎಂಬ ಅಂಕ) 7ರ ಮೇಲೆ, ಗುಂಪಿಗೆ ಕನಿಷ್ಠ 4 ಇಲಿ ಇಟ್ಟುಕೊಳ್ಳಿ. ಎಲ್ಲ ಮಾದರಿಗಳನ್ನೂ ಒಮ್ಮೆಗೇ ಕಳಿಸಿ. ವಾಹಕ ಗುಂಪು ಮಾರ್ಚ್‌ನಲ್ಲಿ, ಡೋಸ್ ಗುಂಪು ಆಗಸ್ಟ್‌ನಲ್ಲಿ ಹೋದರೆ ಸಿಗುವುದು ಮಾರ್ಚ್ ಮತ್ತು ಆಗಸ್ಟ್ ನಡುವಿನ ವ್ಯತ್ಯಾಸ.

ಬೆಂಗಳೂರಿಗೆ ಕಳಿಸುವಾಗ ಲಿವರ್ ತುಂಡು ಕಳಿಸಬೇಡಿ, ಆರ್‌ಎನ್‌ಎ ಕಳಿಸಿ. ಡ್ರೈ ಐಸ್ ಥರ್ಮೋಕೋಲ್ ಪೆಟ್ಟಿಗೆಯಲ್ಲಿ ದಿನಕ್ಕೆ 2ರಿಂದ 5 ಕಿಲೋ ಆವಿಯಾಗುತ್ತದೆ, ಮಳೆಗಾಲದಲ್ಲಿ ಶಿರಾಡಿ ಘಾಟಿಯಲ್ಲಿ ಗುಡ್ಡ ಜರಿದರೆ ಒಂದು ರಾತ್ರಿಯ ಪ್ರಯಾಣ ಎರಡು ದಿನವಾಗುತ್ತದೆ. ಇದಕ್ಕೊಂದು ಸುಲಭ ಉಪಾಯ: ಕೊನೆಯ ತೊಳೆತದ ಹಂತದಲ್ಲೇ ನಿಲ್ಲಿಸಿ, ಆರ್‌ಎನ್‌ಎ ತಳವನ್ನು ಶೇ. 75 ಎಥನಾಲ್‌ನಲ್ಲಿ ಮುಳುಗಿದ ಹಾಗೇ ಇಡಿ. ಹಾಗಿಟ್ಟರೆ ಅದು 4 ಡಿಗ್ರಿಯಲ್ಲಿ ಒಂದು ವಾರ ತಾಳುತ್ತದೆ. ಜೆಲ್ ಐಸ್ ಪ್ಯಾಕ್ ಸಾಕು. ಟ್ಯೂಬಿನ ಮುಚ್ಚಳಕ್ಕೆ ಪ್ಯಾರಾಫಿಲ್ಮ್ ಸುತ್ತಿ, ಹೆಸರನ್ನು ಪೆನ್ಸಿಲಿನಲ್ಲಿ ಬರೆಯಿರಿ, ಮಾರ್ಕರ್ ಶಾಯಿ ಎಥನಾಲ್ ತಾಗಿದರೆ ಅಳಿಸಿಹೋಗುತ್ತದೆ. ಒಳಗೆ ಎಥನಾಲ್ ಇದೆ ಎಂದು ಕೊರಿಯರ್‌ನವರಿಗೆ ಮೊದಲೇ ತಿಳಿಸಿ, ಪ್ರತಿ ಮಾದರಿಯ ಅರ್ಧವನ್ನು ನಿಮ್ಮ ಮೈನಸ್ 80ರಲ್ಲೇ ಉಳಿಸಿಕೊಳ್ಳಿ.